ದೇವದುರ್ಗದಾಗ ಮಂತ್ರಿ ತಡಾ ಮಾಡಿ ಬದಲಾಗ್ತಿದ್ರು

ಪ್ರಚಲಿತ ವಿದ್ಯಮಾನ ಓದೋ ಮನಷ್ಯಾಗ ದಿನಕ್ಕೊಂದು ಫಜೀತಿ ಆಗೇ ಆಗ್ತದ. ಜಗತ್ತು ನಿಂತ ಕಡಿ ನಿಲ್ಲಂಗಿಲ್ಲ, ಇಂವ ಕುಂತ ಕಡಿಯಿಂದ ಏಳಂಗಿಲ್ಲ.

ನಾ ಹೇಳಾಕತ್ತಿದ್ದು ಎಪ್ಪತ್ತರ ದಶಕ ಮುಗಿಯೋ ಹೊತ್ತಿನ ಮಾತು. ಆಗ ನಾ ಮಾನ್ವಿ ತಾಲೂಕು ಕಚೇರಿಯೊಳಗ ಗುಮಾಸ್ತ. ಮನಿ ರಾಯಚೂರಾಗ. ನಮ್ಮವ್ವ ಹತ್ತಿ ಮಿಲ್ಲಿನಾಗ ದುಡದು ನನಗ ಬಿ.ಎ. ಓದಿಸಿದಾಕಿ. ನನ್ನ ಕಾಲೇಜಿನ ಸಲುವಾಗಿ ಒಮ್ಮಿ ಆದಾಯದ ಸರ್ಟಿಫಿಕೇಟ್ ಬೇಕಾಗಿ, ಕಚೇರಿ ಬಾಗಲದಾಗ ಮುಂಜಾನಿಂದ ಸಂಜಿತನ ನಿಂತಿದ್ಲು. ಒಳಗ ಸಾಹೇಬರು ಚಾ ಕುಡದ್ರು, ಊಟಾ ಮಾಡಿದ್ರು, ಮತ್ತ ಚಾ ಕುಡದ್ರು, ಎದ್ದು ಮನಿಗೆ ಹೋದ್ರು. ಅವತ್ತ ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು. ನಾ ತಹಸೀಲ್ದಾರ ಆಗಬೇಕು, ಅಂಥಾ ಕುರ್ಚಿ ಮ್ಯಾಲೆ ಕುಂಡ್ರಬೇಕು, ನಮ್ಮವ್ವನಂಥೋರಿಗೆ ಒಂದು ತಾಸಿನಾಗ ಕಾಗದ ಕೊಟ್ಟು ಕಳಸಬೇಕು ಅಂತ ಹಠಾ ಹಿಡದೆ.

ಅದಕ್ಕ ಕೆ.ಎ.ಎಸ್. ಪಾಸಾಗಬೇಕು. ಆ ಪರೀಕ್ಷಾ ವರ್ಷಾ ವರ್ಷಾ ಬರ್ತಿರಲಿಲ್ಲ, ಮನಸ್ಸು ಬಂದಾಗ ಬರ್ತಿತ್ತು. ವಯಸ್ಸು ನೋಡಿದ್ರ ನನ್ನ ಪಾಲಿಗೆ ಉಳಿದದ್ದು ಮೂರೇ ಸಲ. ಇತಿಹಾಸ ನನಗ ಸಲೀಸು. ಸತ್ತ ರಾಜರು ತಂಟೆ ಮಾಡಂಗಿಲ್ಲ ನೋಡ್ರಿ, ಇಟ್ಟಲ್ಲೇ ಇರ್ತಾರ. ನನ್ನ ಜೀವಾ ತಿಂದೋರು ಬದುಕಿದ್ದ ಮಂತ್ರಿಗಳು.

ನಾಕನೇ ಗೀಟು

ಪ್ರಶ್ನಿ ಕೆಳಗ ನಾಕು ಉತ್ತರ ಕೊಟ್ಟು "ಸರಿಯಾದುದನ್ನು ಗುರುತಿಸಿ" ಅನ್ನೋ ಒಂದು ಮಾಸಿಕ ಬೆಂಗಳೂರಿಂದ ಬರ್ತಿತ್ತು. ಮೂರು ಮಂದಿ ಕೂಡಿ ಒಂದೇ ಪ್ರತಿ ತರಿಸ್ತಿದ್ವಿ. ರಾಯಚೂರಾಗ ನನ್ನ ದೋಸ್ತ, ಬಳಿ ಅಂಗಡಿ ಮನಿತನದಂವ. ಮನಿಯಾಗ ದಖನಿ ಉರ್ದು ಮಾತಾಡ್ತಿದ್ದ, ಅಂಗಡ್ಯಾಗ ಕನ್ನಡ, ಸಿಟ್ಟು ಬಂದ್ರ ಎರಡೂ. ಮಾನ್ವಿಯಾಗ ನಾನು. ದೇವದುರ್ಗದಾಗ ಒಬ್ಬ ಸಾಲಿ ಮಾಸ್ತರ, ಜಾಲಹಳ್ಳಿ ಕಡಿಯಂವ. ಮೊದಲಿನ ಹತ್ತು ದಿನ ಪುಸ್ತಕ ರಾಯಚೂರಾಗ, ನಡುವಿನ ಹತ್ತು ದಿನ ಮಾನ್ವಿಯಾಗ, ಕಡೀಕ ದೇವದುರ್ಗಕ್ಕ. ಒಯ್ಯೋ ಕೆಲಸ ಬಸ್ ಕಂಡಕ್ಟರಂದು.

ಉತ್ತರ ಅಚ್ಚಾಗ್ತಿದ್ದದ್ದು ಮುಂದಿನ ತಿಂಗಳ ಸಂಚಿಕ್ಯಾಗ. ಅಲ್ಲಿತನ ಕಾಯೋರು ಯಾರು? ಅದಕ್ಕ ಒಂದು ಪದ್ಧತಿ ಮಾಡಿದ್ವಿ. ದೋಸ್ತ ತನಗ ಸರಿ ಅನ್ನಿಸಿದ್ದರ ಮುಂದ ಪೆನ್ಸಿಲಿಂದ ಒಂದು ಗೀಟು ಎಳೀತಿದ್ದ, ನಾ ಒಂದು, ಮಾಸ್ತರ ಒಂದು. ಎಲ್ಲಿ ಎರಡು ಗೀಟು ಬಿದ್ದಾವ ಅದ ಉತ್ತರ. ಬಹುಮತ! ದೇಶ ನಡಸೋದ ಹಂಗ ಅಂದ ಮ್ಯಾಲೆ ದೇಶದ ಪ್ರಶ್ನಿಗೂ ಹಂಗ ಆಗಲಿ ಅಂತ ನಮ್ಮ ವಿಚಾರ.

ಒಂದು ತಿಂಗಳು ಪುಸ್ತಕ ನನ್ನ ಕೈಗೆ ಬಂದಾಗ ನೋಡ್ತೀನಿ, ಪ್ರತಿ ಪ್ರಶ್ನಿ ಮುಂದ ಒಂದು ಕೆಂಪು ಗೀಟು. ದೋಸ್ತನ ಹತ್ರ ಕೆಂಪು ಪೆನ್ಸಿಲ್ ಇಲ್ಲ, ನನ್ನ ಹತ್ರನೂ ಇಲ್ಲ. ಮರುದಿನ ಬಸ್ ಸ್ಟ್ಯಾಂಡಿಗೆ ಹೋಗಿ ಕೇಳಿದ್ರ ಕಂಡಕ್ಟರ ಹಲ್ಲು ಕಿಸದ.

"ನಂದ್ರೀ ಅದು. ತಿಕೀಟ ಹರದ ಮ್ಯಾಲೆ ಮಾನ್ವಿತನ ಖಾಲಿ ಕುಂತಿರ್ತೀನಿ. ನೋಡಿದೆ, ಬರ್ತಾವು ಅನ್ನಿಸ್ತು, ಹಾಕಿದೆ."

ಆ ಸಂಚಿಕ್ಯಾಗ ಮುಂದಿನ ಒಲಿಂಪಿಕ್ಸ್ ಯಾವ ಊರಾಗ ಅಂತ ಒಂದು ಪ್ರಶ್ನಿ ಇತ್ತು. ದೋಸ್ತ ಟೋಕಿಯೋಕ್ಕ ಗೀಟು ಹಾಕಿದ್ದ, ಜಪಾನದ ಸಾಮಾನು ಭಾಳ ಗಟ್ಟಿ ಇರ್ತಾವ ಅಂತ. ನಾನೂ ಅವನ ಹಿಂದ ಹೋದೆ. ಮಾಸ್ತರೂ ನಮ್ಮ ಹಿಂದ ಬಂದ. ಕಂಡಕ್ಟರಂದೊಂದು ಮಾಸ್ಕೋ. ಐತವಾರ ಮೂವರೂ ರಾಯಚೂರಾಗ ಕೂಡಿ, ಬಳಿ ಅಂಗಡಿ ಕಟ್ಟಿ ಮ್ಯಾಲೆ ಕುಂತು ಚರ್ಚಾ ಮಾಡಿದ್ವಿ. ಮಾಸ್ತರ ತೀರ್ಪು ಕೊಟ್ಟ, "ಚಂದಾ ಕೊಡದಾಂವಗ ಮತಾ ಇಲ್ಲ."

ಕೆಂಪು ಗೀಟೆಲ್ಲಾ ರಬ್ಬರ್ ಹಚ್ಚಿ ಅಳಸಿದ್ವಿ. ಮುಂದಿನ ತಿಂಗಳು ಉತ್ತರ ಬಂದ್ವು. ನಾವು ಅಳಸಿದ್ದರಾಗ ಮುಕ್ಕಾಲು ಪಾಲು ಸರಿ ಇದ್ವು, ಉಳಿಸಿಕೊಂಡಿದ್ದರಾಗ ಮುಕ್ಕಾಲು ಪಾಲು ತಪ್ಪು. ನನಗ ನಾಚಿಕಿ ಬಂತು, ಆದ್ರ ಹೋಗಿ ಅವನ ಮುಂದ ಒಪ್ಪಿಕೊಳ್ಳೋವಷ್ಟು ಬರಲಿಲ್ಲ. ಮೊದಲನೇ ಸಲದ ಪರೀಕ್ಷಾಕ್ಕ ಇದ ಪದ್ಧತಿ ಮ್ಯಾಲೆ ಕುಂತು ಮೂವರೂ ಬಹುಮತದಿಂದ ನಾಪಾಸಾದ್ವಿ.

ಸುದ್ದಿ ಬ್ಯಾರೆ, ವಿದ್ಯಮಾನ ಬ್ಯಾರೆ

ದೇವದುರ್ಗದ ಮಾಸ್ತರ ಇನ್ನೊಂದು ತರಾ ಗಟ್ಟಿ ಮನಷ್ಯ. ಪುಸ್ತಕ ಅವನಿಗೆ ಮುಟ್ಟೋದ್ರಾಗ ತಿಂಗಳು ಮುಗಿಯಾಕ ಬಂದಿರ್ತಿತ್ತು. ಅಷ್ಟರಾಗ ದಿಲ್ಲಿಯೊಳಗ ಇದ್ದೋರು ಇಳದಿರ್ತಿದ್ರು, ಇಳದೋರು ಮತ್ತ ಏರಿರ್ತಿದ್ರು. ಒಮ್ಮಿ ಹಿಂಗ ಒಬ್ಬ ಮಂತ್ರಿ ರಾಜೀನಾಮಿ ಕೊಟ್ಟು ಹದಿನೈದು ದಿನ ಆಗಿತ್ತು. ಕೆಲಸದ ಮ್ಯಾಲೆ ದೇವದುರ್ಗಕ್ಕ ಹೋದೆ. ಮಾಸ್ತರ ಇನ್ನೂ ಅದ ಹೆಸರು ಬಾಯಿಪಾಠ ಮಾಡಾಕತ್ತಾನ!

"ಅಲ್ಲೋ ಮಾರಾಯಾ, ಅಂವ ಇಳದು ಹದಿನೈದು ದಿನ ಆತು," ಅಂದೆ.

"ಗೊತ್ತದ," ಅಂದ.

"ಹ್ಯಾಂಗ ಗೊತ್ತದ?"

"ರೇಡಿಯೋದಾಗ ಕೇಳೀನಿ."

"ಮತ್ತ ಹಳೇದ ಯಾಕ ಓದಾಕತ್ತೀ?"

ಮಾಸ್ತರ ನನ್ನ ಕಡಿ ಎರಡನೇ ಕ್ಲಾಸಿನ ಹುಡುಗನ್ನ ನೋಡಿದಂಗ ನೋಡಿದ. "ನೋಡಪಾ, ರೇಡಿಯೋದಾಗ ಬಂದ್ರ ಅದು ಬರೇ ಸುದ್ದಿ. ಮಾಸಿಕದಾಗ ಬಂದ ಮ್ಯಾಲೆ ಅದು ಪ್ರಚಲಿತ ವಿದ್ಯಮಾನ. ನನ್ನ ಹತ್ರ ಅಂವ ಇನ್ನೂ ಮಂತ್ರೀನ ಇದ್ದಾನ. ಮುಂದಿನ ತಿಂಗಳ ಇಪ್ಪತ್ತನೇ ತಾರೀಕಿಗೆ ಇಳೀತಾನ."

ಖರೇ ಹೇಳ್ತೀನಿ, ಆ ಮಂತ್ರಿಗೆ ಅಷ್ಟು ನಿಷ್ಠಾ ಇದ್ದ ಇನ್ನೊಬ್ಬ ಮನಷ್ಯ ಅವನ ಸ್ವಂತ ಪಕ್ಷದಾಗನೂ ಇರಲಿಲ್ಲ.

ಹೋದ ವರ್ಷದ ಪ್ರಕಾರ

ಎರಡನೇ ಸಲಕ್ಕ ಹಿಂಗ ಆಗಬಾರದು ಅಂತ ರಾಯಚೂರಾಗ ಒಬ್ಬ ವಕೀಲರ ಕ್ಲಾಸಿಗೆ ಸೇರಿದೆ. ಅರಿವಿ ಅಂಗಡಿ ಮಾಳಗಿ ಮ್ಯಾಲೆ ಒಂದು ಕೋಣಿ, ಶನಿವಾರ ಐತವಾರ ಪಾಠ. ವಕೀಲರ ಹತ್ರ ಕೇಸು ಬರ್ತಿರಲಿಲ್ಲ, ಅದಕ್ಕ ನಮ್ಮಂಥೋರನ್ನ ಅಧಿಕಾರಿ ಮಾಡೋ ಕೆಲಸಾ ಹಿಡದಿದ್ರು. ಸ್ಟೆನ್ಸಿಲ್ ಮ್ಯಾಲೆ ಪ್ರಶ್ನಿ ಬರದು, ಸೈಕ್ಲೋಸ್ಟೈಲ್ ಮಶೀನಿನಾಗ ಪ್ರತಿ ತಗಸಿ, ಕಟ್ಟು ಕಟ್ಟಿ ಇಡ್ತಿದ್ರು. ಮಸಿ ಕೈಗೆ ಹತ್ತಿದ್ರ ಸಬಕಾರ ಹಚ್ಚಿದ್ರೂ ಬಿಡ್ತಿರಲಿಲ್ಲ.

ಒಂದ ಸಲ ಭಾಳ ಹುರುಪಿಲೆ ಕೇಂದ್ರ ಸಂಪುಟದ ಮ್ಯಾಲೆ ನೂರು ಪ್ರಶ್ನಿ ಮಾಡಿಸಿದ್ರು. ಸೈಕ್ಲೋಸ್ಟೈಲ್ ಆಗಿ ಕಟ್ಟು ಮಾಳಗಿ ಏರಿದ್ದು ಶುಕ್ರವಾರ. ಐತವಾರ ಪಾಠಕ್ಕ ಹೋಗೋದ್ರಾಗ ದಿಲ್ಲಿ ಸರಕಾರನ ಬಿದ್ದುಬಿಟ್ಟಿತ್ತು. ವಕೀಲರು ಕಟ್ಟಿನ ಮುಂದ ಹಣಿಗೆ ಕೈ ಹಚ್ಚಿ ಕುಂತಿದ್ರು.

"ಬೀಳೋದಿದ್ರ ಒಂದು ವಾರ ಮೊದಲ ಬೀಳಬೇಕಿಲ್ಲ? ಜವಾಬ್ದಾರಿ ಅನ್ನೋದ ಇಲ್ಲ ಈ ಮಂದಿಗೆ!"

ನಾವು ಕಟ್ಟು ಚಲ್ಲತಾರ ಅಂದ್ಕೊಂಡ್ವಿ. ಚಲ್ಲಲಿಲ್ಲ. ಮುಂದಿನ ಶನಿವಾರ ಅದ ಹಾಳಿ ಹಂಚಿದ್ರು. ಮ್ಯಾಲೆ ಕೈಲೆ ಒಂದು ಸಾಲು ಬರದಿದ್ರು: "ಎಲ್ಲ ಪ್ರಶ್ನೆಗಳಿಗೂ ಹೋದ ವರ್ಷದ ಪ್ರಕಾರ ಉತ್ತರಿಸಿ."

ನಾ ಎದ್ದು ನಿಂತೆ. "ಸರ್, ಪರೀಕ್ಷಾದಾಗ ಮ್ಯಾಲೆ ಹಿಂಗ ಬರದಿರೂದಿಲ್ಲಲ್ರಿ?"

"ಬರದಿಲ್ಲಂದ್ರ ಅದು ಪರೀಕ್ಷಾ ಮಾಡೋರ ತಪ್ಪು. ನೀ ಕುಂಡ್ರು," ಅಂದ್ರು.

ಕುಂತೆ. ಆರು ತಿಂಗಳು ನನ್ನ ತಲಿಯೊಳಗ ಒಂದು ಖಾತಿಗೆ ಇಬ್ಬರು ಮಂತ್ರಿಗಳು, ಒಬ್ಬ ವಕೀಲರಂವ, ಒಬ್ಬ ದಿಲ್ಲಿಯಂವ. ಪರೀಕ್ಷಾದ ದಿನ ಕೈಗೆ ಬಂದದ್ದೆಲ್ಲಾ ವಕೀಲರಂವ. ಎರಡನೇ ಸಲನೂ ಹೋತು. ಫಲಿತಾಂಶ ಬಂದ ದಿನ ಸಿಟ್ಟಿಲೆ ಮಾಳಗಿ ಏರಿದೆ. ನಿಮ್ಮ ಪಾಠದಿಂದ ನಾಪಾಸಾದೆ ಅಂತ ನೇರ ಹೇಳಿದೆ.

ವಕೀಲರು ಒಂಚೂರೂ ಬೇಜಾರ ಮಾಡ್ಕೊಳ್ಳಲಿಲ್ಲ. "ಹೋದ ವರ್ಷದ ಪ್ರಕಾರ ನೀ ಪಾಸು," ಅಂದ್ರು.

ಸ್ಥಳ ತನಿಖಿ

ಇನ್ನ ಉಳಿದದ್ದು ಒಂದ ಒಂದು ಸಲ. ಯಾರನ್ನೂ ನಂಬಬಾರದು, ಪ್ರಶ್ನಿ ನಾನ ಮಾಡ್ಕೋಬೇಕು ಅಂತ ನಿಶ್ಚಯಾ ಮಾಡಿದೆ. ಕಚೇರಿಯಾಗ ಊಟದ ಹೊತ್ತಿನಾಗ ಟೈಪ್‌ರೈಟರ್ ಖಾಲಿ ಇರ್ತಿತ್ತು. ಒಂದು ಹಾಳಿಗೆ ಒಂದ ಪ್ರಶ್ನಿ ಟೈಪ್ ಮಾಡ್ತಿದ್ದೆ, ಬೆನ್ನಿಗೆ ಉತ್ತರ ಬರೀತಿದ್ದೆ, ದಿನಾ ಇಸ್ಪೀಟಿನಂಗ ಕಲಸಿ ಕಲಸಿ ಓದ್ತಿದ್ದೆ.

ಆವಾಗ ಬಾಗಲವಾಡದ ಒಬ್ಬ ರೈತ, ಬಾಜೂದಾಂವ ತನ್ನ ಹೊಲದ ಗಡಿ ಬಾಂದು ಒತ್ತಿ ಒಳಗ ಬಂದಾನ ಅಂತ ಅರ್ಜಿ ಕೊಟ್ಟಿದ್ದ. ಆ ಅರ್ಜಿ ರಾಯಚೂರಿನ ಮ್ಯಾಲಿನ ಕಚೇರಿಗೆ ಹೋಗಬೇಕಿತ್ತು. ಗಡಿಬಿಡಿಯೊಳಗ ಅರ್ಜಿ ನನ್ನ ಮೇಜಿನ ಮ್ಯಾಲೆ ಉಳೀತು, ಅದರ ಬದಲಿ ನನ್ನ ಪ್ರಶ್ನಿ ಹಾಳಿ ಕಡತದಾಗ ಸೇರಿ ಹೋತು. ಅದರಾಗ ಇದ್ದದ್ದು ಒಂದ ಸಾಲು: "ಮಂಗೋಲಿಯಾ ದೇಶದ ರಾಜಧಾನಿ ಯಾವುದು?"

ನನಗ ಗೊತ್ತಾದದ್ದು ಕಡತ ವಾಪಸ್ ಬಂದಾಗ. ನನ್ನ ಸಾಲಿನ ಕೆಳಗ ಹಸರು ಮಸಿಯೊಳಗ ಮ್ಯಾಲಿನ ಸಾಹೇಬರ ಷರಾ: "ಸ್ಥಳ ತನಿಖೆ ಮಾಡಿ ಹದಿನೈದು ದಿನದೊಳಗೆ ವರದಿ ಸಲ್ಲಿಸಿ."

ಅಲೇ ಇವ್ನ! ನೌಕರಿ ಹೋದ್ರ ತಹಸೀಲ್ದಾರ ಆಗೋದು ಎಲ್ಲಿಂದ? ಹಾಳಿ ತಗದುಬಿಡೋಣ ಅನ್ನೋದ್ರಾಗ ನಮ್ಮ ತಹಸೀಲ್ದಾರ ಸಾಹೇಬರು ಕಡತ ತಮ್ಮ ಕಡಿ ಎಳಕೊಂಡ್ರು. ಷರಾ ಅಷ್ಟ ಓದಿದ್ರು. ಮ್ಯಾಲಿನ ಸಾಲು ಓದೋ ಪದ್ಧತಿ ಅವರದಲ್ಲ.

"ಯಾವೂರು ಇದು?" ಅಂದ್ರು.

"ಬಾಗಲವಾಡದ ಕಡತರಿ," ಅಂದೆ. ಅದು ಸುಳ್ಳಲ್ಲ.

"ಅಲ್ಲಿಯ ಗ್ರಾಮ ಲೆಕ್ಕಿಗರಿಗೆ ಕಳಸು. ಜಲ್ದಿ ಆಗಲಿ."

ಕಳಸಿದೆ. ಏನು ಮಾಡ್ಲಿ, ಹುಕುಂ ಅಂದ್ರ ಹುಕುಂ. ಎಂಟು ದಿನಕ್ಕ ಗ್ರಾಮ ಲೆಕ್ಕಿಗರ ವರದಿ ಬಂತು, ಮುದ್ದಾದ ಅಕ್ಷರದಾಗ: "ಖುದ್ದಾಗಿ ಹೋಗಿ, ಪಂಚರ ಸಮಕ್ಷಮ ವಿಚಾರಣೆ ಮಾಡಲಾಗಿ, ಸದರಿ ಊರು ಈ ವೃತ್ತದ ವ್ಯಾಪ್ತಿಯಲ್ಲಿ ಬರುವುದಿಲ್ಲವೆಂದು ಕಂಡುಬಂದಿದೆ." ಕೆಳಗ ಮೂರು ಮಂದಿ ಪಂಚರ ಹೆಬ್ಬಟ್ಟು. ಸಾಹೇಬರು "ಒಪ್ಪಿದೆ" ಅಂತ ಸಹಿ ಮಾಡಿದ್ರು. ಮ್ಯಾಲಿನ ಕಚೇರಿಯೋರು "ಕಡತ ಮುಕ್ತಾಯ" ಅಂತ ಬರದ್ರು.

ರೈತನ ಅರ್ಜಿ ನೆನಪಾಗಿ ನನಗ ಸಂಕಟ ಆತು. ಅವತ್ತ ಅದನ್ನ ಹುಡುಕಿ, ನಾನ ಒಯ್ದು ರಾಯಚೂರಿಗೆ ಮುಟ್ಟಿಸಿ ಬಂದೆ. ಮಂಗೋಲಿಯಾದ್ದು ಹದಿನೈದು ದಿನದಾಗ ಇತ್ಯರ್ಥ ಆಗಿತ್ತು. ಬಾಗಲವಾಡದ ಬಾಂದು ಅಳತಿ ಮಾಡಾಕ ಸರಕಾರಕ್ಕ ನಾಕು ವರ್ಷ ಹಿಡೀತು, ಯಾಕಂದ್ರ ಅದು ವ್ಯಾಪ್ತಿಯೊಳಗ ಇತ್ತು.

ಗಿಲ್ಲೆಸುಗೂರಾಗ ಮೌಖಿಕ

ಇದರ ನಡುವ ಅವ್ವ ನನಗ ಹೆಣ್ಣು ನೋಡಿದ್ಲು. ಊರು ಗಿಲ್ಲೆಸುಗೂರು. ಹುಡುಗ ದೊಡ್ಡ ಸಾಹೇಬ ಆಗೋನಿದ್ದಾನ ಅಂತ ಅಲ್ಲಿ ಮೊದಲ ಸುದ್ದಿ ಹಬ್ಬಿತ್ತು. ಕಟ್ಟಿ ಮ್ಯಾಲೆ ಚಾಪಿ ಹಾಸಿ, ಊರಿನ ಹಿರ್ಯಾರು ಒಬ್ಬೊಬ್ಬರಾಗಿ ಪ್ರಶ್ನಿ ಕೇಳಾಕ ಕುಂತ್ರು. ಚೀನಾದ ಜನಸಂಖ್ಯಾ ಎಷ್ಟು, ಚಂದ್ರನ ಮ್ಯಾಲೆ ಯಾರು ಹೋಗಿದ್ರು, ಅಣು ಬಾಂಬು ಯಾರ್ಯಾರ ಹತ್ರ ಅದಾವ. ನನಗ ಉಮೇದು ಬಂದುಬಿಡ್ತು. ಒಂದು ಕೇಳಿದ್ರ ಮೂರು ಹೇಳಿದೆ. ಇಂಥಾ ಪ್ರಶ್ನಿ ಪರೀಕ್ಷಾದಾಗ ಯಾಕ ಬರಂಗಿಲ್ಲ ಅಂತ ಒಳಗೊಳಗ ಹಲ್ಲು ಕಡದೆ.

ಮಾತು ಮುಗಿಸಿ ನಮಸ್ಕಾರ ಮಾಡಿ ಎದ್ದೆ. "ರಾಯಚೂರಿಗೆ ಬಸ್ಸು ಎಷ್ಟಕ್ಕದರಿ?" ಅಂತ ಕೇಳಿದೆ.

ಬಾಗಲ ಹಿಂದಿನಿಂದ ಹುಡುಗಿ ಧ್ವನಿ ಬಂತು. "ಕಡೀ ಬಸ್ಸು ಹೋಗಿ ಅರ್ಧ ತಾಸಾತು ಅಂತ ಹೇಳ್ರಿ ಅವರಿಗೆ. ಚೀನಾದಾಗ ಇದ್ರಲ್ಲ, ನಡುವ ಹೆಂಗ ಹೇಳೋದಂತ ಸುಮ್ನಿದ್ದೆ."

ಕಟ್ಟಿ ಮ್ಯಾಲಿನೋರೆಲ್ಲಾ ಬಿದ್ದು ಬಿದ್ದು ನಕ್ರು. ನಾ ಹತ್ತಿ ಲಾರಿ ಹತ್ತಿ ರಾಯಚೂರಿಗೆ ಬಂದೆ. ಮರುವರ್ಷ ಅಕಿನ್ನ ಮದುವಿ ಆದೆ. ಅಂದಿನಿಂದ ಇವತ್ತಿನತನ ಒಂದು ಬಸ್ಸೂ ತಪ್ಪಿಲ್ಲ, ಮಾತಾಡಾಕ ಮಾತ್ರ ಅವಕಾಶ ಸಿಕ್ಕಿಲ್ಲ.

ಮೂರನೇ ಸಲ

ಕಡೀ ಸಲದ ಪರೀಕ್ಷಾ ಬಂತು. ಈ ಸಲ ನಾನು ಜೀವಾ ಒತ್ತಿ ಇಟ್ಟವರಂಗ ಓದಿದೆ. ಲಿಖಿತ ಪಾಸಾದೆ! ನಮ್ಮ ಓಣಿಯೊಳಗ ಹಬ್ಬ. ಅವ್ವ ಮಿಲ್ಲಿನಾಗ ತನ್ನ ಸಂಗಾತಿಗೋಳಿಗೆಲ್ಲಾ ಸಕ್ರಿ ಹಂಚಿದ್ಲು. ಇನ್ನ ಉಳಿದದ್ದು ಬೆಂಗಳೂರಿನ ಸಂದರ್ಶನ ಒಂದ. ಅದು ಆದ್ರ ತಹಸೀಲ್ದಾರ, ಇಲ್ಲಂದ್ರ ಸಾಯೋತನ ಗುಮಾಸ್ತ. ವಯಸ್ಸು ಮುಗಿದಿತ್ತು.

ಸಂದರ್ಶನದ ದಿನ ಮಧ್ಯಾಹ್ನ ಊಟ ಆದ ಕೂಡಲೇ ಮೊದಲ ಕರಿಯೋದು ನನ್ನ ಹೆಸರು ಅಂತ ಜವಾನ ಹೇಳಿದ. ಒಳಗಿನ ಸಾಹೇಬರು ಮುಂಜಾನಿಂದ ಎದ್ದಿಲ್ಲ, ಊಟಾನೂ ಒಳಗ ತರಿಸ್ಯಾರ ಅಂದ. ನಾ ಊಟಾ ಬಿಟ್ಟೆ. ಗೇಟಿನ ಹೊರಗ ಒಂದು ಚಾದಂಗಡಿಯಾಗ ನಿಂತಿದ್ದೆ. ರೇಡಿಯೋದಾಗ ವಾರ್ತಿ ನಡದಿತ್ತು: ರಾಜ್ಯದ ಕಂದಾಯ ಮಂತ್ರಿ ರಾಜೀನಾಮಿ ಕೊಟ್ಟಾರ, ಆ ಖಾತಿ ಇನ್ನೊಬ್ಬರಿಗೆ ಕೊಟ್ಟಾರ. ಹೊಸಬರ ಹೆಸರು ಎರಡು ಸಲ ಬಾಯಾಗ ಅಂದ್ಕೊಂಡೆ. ಚಾ ಅಲ್ಲೇ ಬಿಟ್ಟು ಓಡಿ ಬಂದೆ.

ಒಳಗ ನಾಕು ಮಂದಿ. ನಡುವ ಕುಂತ ಹಿರಿಯರು ನನ್ನ ಕಾಗದ ನೋಡಿದ್ರು.

"ಕಂದಾಯ ಇಲಾಖೆಯಲ್ಲಿದ್ದೀರಿ. ಒಳ್ಳೆಯದು. ಸುಲಭವಾದ್ದೇ ಕೇಳ್ತೀನಿ. ನಮ್ಮ ಕಂದಾಯ ಮಂತ್ರಿಗಳು ಯಾರು?"

ದೇವರು ಕಣ್ಣು ಬಿಟ್ಟ ಅನ್ನಿಸ್ತು. ಎದಿ ಉಬ್ಬಿಸಿ ಹೊಸ ಹೆಸರು ಹೇಳಿದೆ.

ನಾಕೂ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. "ಯೋಚನೆ ಮಾಡಿ ಹೇಳಿ," ಅಂದ್ರು ಹಿರಿಯರು.

"ಹೌದ್ರಿ ಸರ್, ಅವರ."

"ನಿಮ್ಮ ಇಲಾಖೆ ಮಂತ್ರಿ ಯಾರು ಅಂತಲೇ ನಿಮಗೆ ಗೊತ್ತಿಲ್ಲವಲ್ಲ!"

"ಬದಲಾಗ್ಯಾರ್ರಿ ಸರ್."

"ಯಾವಾಗ?"

"ಅರ್ಧ ತಾಸಾತ್ರಿ."

ನಾಕೂ ಮಂದಿ ಗೊಳ್ ಅಂತ ನಕ್ರು. ಒಬ್ಬರು ಚಸ್ಮಾ ತಗದು ಕಣ್ಣು ಒರಸಿಕೊಂಡ್ರು. ಹಿರಿಯರು ಕಾಗದದ ಮ್ಯಾಲೆ ಏನೋ ಗೀಚಿ, ನನ್ನ ಕಡಿ ಕನಿಕರದಿಂದ ನೋಡಿದ್ರು.

"ಪತ್ರಿಕೆ ಓದುವ ಅಭ್ಯಾಸ ಇಟ್ಟುಕೊಳ್ಳಿ. ರಾಯಚೂರಿಗೆ ತಡವಾಗಿ ಬರುತ್ತೇನೋ, ಪಾಪ."

ಆ "ಪಾಪ" ಅನ್ನೋದು ನನಗ ಚುಚ್ಚಿತು. ಎಷ್ಟು ವರ್ಷದ ಸಿಟ್ಟು ಒಳಗ ಇತ್ತೋ, ನಾಲಿಗಿ ನನ್ನ ಮಾತು ಕೇಳಲಿಲ್ಲ. "ಹೌದ್ರಿ ಸರ್, ರಾಯಚೂರಿಗೆ ನಾಳೆ ಬರ್ತದ. ಈ ಕೋಣಿಗೆ ಯಾವಾಗ ಬರ್ತದ ಅನ್ನೋದು ನನಗ ಗೊತ್ತಿಲ್ರಿ."

ಹಿರಿಯರು ನನ್ನ ಕಾಗದ ಮಡಚಿ ಬಾಜೂಕ ಇಟ್ರು. ಹೋಗಬಹುದು ಅಂದ್ರು.

ಮುಂದ ಆಯ್ಕೆ ಪಟ್ಟಿ ಬಂತು, ಅದರಾಗ ನನ್ನ ಹೆಸರು ಇರಲಿಲ್ಲ. ಪಟ್ಟಿ ನೋಡಿ ಮನಿಗೆ ಬಂದು ಗ್ವಾಡಿಗೆ ಒರಗಿ ಕುಂತೆ. ಅಳು ಬರಾಕತ್ತಿತ್ತು, ಮದುವಿ ಆದ ಗಂಡಸು ಹ್ಯಾಂಗ ಅಳೋದು ಅಂತ ಕುಂತಿದ್ದೆ. ಅವ್ವ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ಲು.

"ಏನು ಕೇಳಿದ್ರಪಾ ಅಂಥಾದ್ದು?" ಅಂದ್ಲು.

"ಮಂತ್ರಿ ಯಾರು ಅಂತ ಕೇಳಿದ್ರು ಯವ್ವಾ."

"ನೀ ಹೇಳಲಿಲ್ಲೇನು?"

"ಹೇಳಿದೆ. ನಾ ಹೇಳಿದ್ದ ಖರೇ ಇತ್ತು. ಅವರಿಗೇ ಗೊತ್ತಿರಲಿಲ್ಲ."

ಅವ್ವ ಹಿಟ್ಟಿನ ಕೈ ಹಂಗ ಹಿಡಕೊಂಡು ನನ್ನ ಕಡಿ ತಿರುಗಿದ್ಲು. "ಗೊತ್ತಿರಲಿಲ್ಲಂತನ ಕೇಳ್ಯಾರ. ಗೊತ್ತಿದ್ರ ನಿನ್ನ ಯಾಕ ಅಷ್ಟು ದೂರ ಕರಸ್ತಿದ್ರು? ಎಂಥಾ ಮಂದಿನೋ ಮಾರಾಯಾ! ಹೇಳಿಸ್ಕೊಳ್ಳೋತನ ಹೇಳಿಸ್ಕೊಂಡು, ಇನ್ನ ಈ ಹುಡುಗನ ಕೆಲಸೇನದ ಅಂತ ಮನಿಗೆ ಕಳಸಿಬಿಟ್ರು."